ಹಾಡಿಯ ಮಗು ಬರಿಗೈಯಲ್ಲಿ ಬರುವುದಿಲ್ಲ

ಪ್ರಥಮ ಪಿಯುಸಿಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡ ಮಕ್ಕಳಿಗೆ ಶುರುವಿನಲ್ಲೇ ಮೂರು ಮಾತುಗಳು ಎದುರಾಗುತ್ತವೆ: ಸಾಮಾಜೀಕರಣ, ಪಾತ್ರ, ಅಂತಸ್ತು. ಪರೀಕ್ಷೆಗೆ ಬಂದೇ ಬರುತ್ತವೆಂದು ಗೊತ್ತಿರುವುದರಿಂದ ಮಕ್ಕಳು ವ್ಯಾಖ್ಯೆಗಳನ್ನು ಉರು ಹೊಡೆದು ಬರೆದುಬಿಡುತ್ತಾರೆ. ಅಂಕವೂ ಬರುತ್ತದೆ. ಇವತ್ತು ಈ ಮೂರು ಮಾತುಗಳನ್ನು ಹೊತ್ತುಕೊಂಡು ಎನ್. ಬೇಗೂರಿನ ಕಡೆ ಹೋಗಿಬರೋಣ ಅಂತಿದ್ದೇನೆ. ಎಚ್.ಡಿ. ಕೋಟೆ ಸೀಮೆಯ ಈ ಊರಿನ ಹೆಸರು ಪತ್ರಿಕೆಯಲ್ಲಿ ಕಾಣಿಸುವುದು ಹೆಚ್ಚಾಗಿ ಹುಲಿ ಬಂತು, ಆನೆ ಬಂತು ಎಂಬ ಸುದ್ದಿಯ ಜೊತೆಗೆ. ಬಂಡೀಪುರ ಹುಲಿ ಮೀಸಲು ಪ್ರದೇಶದ ಒಂದು ವಲಯಕ್ಕೂ ಇದೇ ಹೆಸರು. ಊರಿನ ಹೊಲ ಮುಗಿದಲ್ಲಿ ಕಾಡು ಶುರುವಾಗುವ ಈ ಸೀಮೆಯಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಎಂಬ ಆದಿವಾಸಿಗಳು ಹಾಡಿಗಳಲ್ಲಿ, ಅಂದರೆ ತಮ್ಮ ಪುಟ್ಟ ವಸತಿಗಳಲ್ಲಿ, ಬಾಳುತ್ತಿದ್ದಾರೆ.

ಹುಟ್ಟಿದ ಮಗು ತನ್ನ ಸಮಾಜದ ರೀತಿ ನೀತಿ, ನುಡಿ, ಕಸುಬು, ಹೆದರಿಕೆ, ಹೆಮ್ಮೆ ಎಲ್ಲವನ್ನೂ ಕಲಿತು ಆ ಸಮಾಜದ ಒಬ್ಬ ಮನುಷ್ಯನಾಗುವುದಕ್ಕೆ ಸಾಮಾಜೀಕರಣ ಅಂತಾರೆ. ಪುಸ್ತಕದಲ್ಲಿ ಇದರ ಕೆಳಗೆ ಕುಟುಂಬ, ಶಾಲೆ, ಗೆಳೆಯರ ಬಳಗ, ಸಮೂಹ ಮಾಧ್ಯಮ ಅಂತ ನಾಲ್ಕು ಶೀರ್ಷಿಕೆ ಇರುತ್ತವೆ. ಕಾಡು ಅಂತ ಒಂದು ಶೀರ್ಷಿಕೆಯನ್ನು ನಾನು ಯಾವ ಪಠ್ಯದಲ್ಲೂ ಕಂಡಿಲ್ಲ. ಆದರೆ ಜೇನುಕುರುಬರ ಹಾಡಿಯಲ್ಲಿ ಬೆಳೆಯುವ ಕೂಸಿಗೆ ಅದೇ ದೊಡ್ಡ ಪಾಠಶಾಲೆ. ಅಜ್ಜಿಯ ಹಿಂದೆ ನೂರೆ ಗೆಣಸು ಅಗೆಯಲು ಹೋದ ಮಗು ಬಳ್ಳಿಯ ಗುರುತು ಕಲಿಯುತ್ತದೆ. ಗೆಣಸು ತೆಗೆದಮೇಲೆ ಬಳ್ಳಿಯ ಬುಡವನ್ನು ಮತ್ತೆ ಮಣ್ಣಿಗೆ ಸೇರಿಸಿ ಬರಬೇಕು ಎಂಬುದನ್ನೂ ಕಲಿಯುತ್ತದೆ. ಹೆಜ್ಜೇನು ಯಾವುದು, ತುಡುವೆ ಯಾವುದು, ಕೋಲುಜೇನು ಎಲ್ಲಿ ಕಟ್ಟುತ್ತದೆ ಅನ್ನುವುದು ಅದಕ್ಕೆ ಅಕ್ಷರಕ್ಕಿಂತ ಮೊದಲೇ ಗೊತ್ತು. ಯಾವ ಮರ ಯಾರು ಹತ್ತಬೇಕು, ಕೆಳಗೆ ಹೊಗೆ ಹಿಡಿಯುವವರು ಯಾರು, ಬಂದ ಜೇನುತುಪ್ಪದಲ್ಲಿ ಮೊದಲ ಪಾಲು ಯಾರಿಗೆ, ಇವೆಲ್ಲ ಕಸುಬಿನ ಸಂಗತಿಗಳು ಮಾತ್ರ ಅಲ್ಲ. ಒಂದು ಸಮಾಜ ತನ್ನ ಪಾತ್ರಗಳನ್ನು ಹಂಚಿಕೊಳ್ಳುವ ಬಗೆ ಇದು. ಯಜಮಾನ ಅಂದರೆ ಯಾರು, ಅವರ ಮಾತು ಎಲ್ಲಿಯವರೆಗೆ ನಡೆಯುತ್ತದೆ, ದೇವರು ಮೈಮೇಲೆ ಬರುವ ಗುಡ್ಡನಿಗೆ ಯಾವ ಗೌರವ, ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮಗು ನೋಡಿ ನೋಡಿ ಕಲಿಯುತ್ತದೆ.

ಅಮೆರಿಕದ ಜಾರ್ಜ್ ಹರ್ಬರ್ಟ್ ಮೀಡ್ ಎಂಬ ಚಿಂತಕ ಇದನ್ನೇ ಶಾಸ್ತ್ರವಾಗಿ ವಿವರಿಸಿದ. ಅವನು ತೀರಿಕೊಂಡಮೇಲೆ ಶಿಷ್ಯರು ಅವನ ಪಾಠಗಳನ್ನು ಒಟ್ಟುಮಾಡಿ 1934ರಲ್ಲಿ ಪುಸ್ತಕ ತಂದರು. ಮಗು ಆಟದಲ್ಲಿ ಇನ್ನೊಬ್ಬರ ಪಾತ್ರ ವಹಿಸಿ, ಅವರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳಲು ಕಲಿತಾಗಲೇ ‘ನಾನು’ ಎಂಬುದು ಹುಟ್ಟುತ್ತದೆ ಅನ್ನುವುದು ಅವನ ಮಾತಿನ ಸಾರ. ಸಾಕಾನೆ ಶಿಬಿರಗಳ ಮಕ್ಕಳು ಆಡುವ ಆಟ ನೋಡಿದವರಿಗೆ ಇದಕ್ಕೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ. ಒಬ್ಬ ಮಂಡಿಯೂರಿ ಆನೆಯಾಗುತ್ತಾನೆ, ಇನ್ನೊಬ್ಬ ಮೇಲೆ ಕೂತು ಮಾವುತನಾಗುತ್ತಾನೆ, ಮೂರನೆಯವನು ಸೊಪ್ಪು ತರುವ ಕಾವಾಡಿ. ಸ್ವಲ್ಪ ಹೊತ್ತಿಗೆ ಅದಲುಬದಲು. ಆನೆಯಾಗಿದ್ದವನಿಗೆ ಮಾವುತನ ಕಾಲಿನ ಒತ್ತು ಹೇಗಿರುತ್ತದೆ ಎಂದು ಗೊತ್ತಾಗಿರುತ್ತದೆ, ಆಮೇಲೆ ಅವನು ಮಾವುತನಾದಾಗ ಕಾಲು ಇಡುವ ರೀತಿಯೇ ಬೇರೆ.

ಇಷ್ಟೆಲ್ಲ ಕಲಿತ ಮಗು ಆರನೇ ವಯಸ್ಸಿಗೆ ಶಾಲೆಗೆ ಬರುತ್ತದೆ. ನಾವು ಏನು ಬರೆದುಕೊಳ್ಳುತ್ತೇವೆ? ‘ಏನೂ ಬರುವುದಿಲ್ಲ’ ಅಂತ. ಮಗು ಮನೆಯಲ್ಲಿ ಆಡುವುದು ಜೇನುನುಡಿ, ಪಾಠ ಇರುವುದು ಪುಸ್ತಕದ ಕನ್ನಡದಲ್ಲಿ. ಮೇಷ್ಟ್ರು ಕೇಳಿದ ಪ್ರಶ್ನೆ ಅರ್ಥವಾಗದೆ ಅದು ಸುಮ್ಮನೆ ನಿಂತರೆ, ಆ ಸುಮ್ಮನಿರುವಿಕೆಗೆ ದಡ್ಡತನ ಎಂದು ಹೆಸರಿಡುತ್ತೇವೆ. ಮೀಡ್‌ಗಿಂತ ಮೊದಲು, 1902ರಲ್ಲಿ, ಚಾರ್ಲ್ಸ್ ಹಾರ್ಟನ್ ಕೂಲಿ ಎಂಬಾತ ಹೇಳಿದ್ದ: ಬೇರೆಯವರು ನಮ್ಮನ್ನು ಹೇಗೆ ಕಾಣುತ್ತಾರೆ ಎಂದು ನಾವು ಊಹಿಸಿಕೊಳ್ಳುತ್ತೇವೋ ಆ ಊಹೆಯಿಂದಲೇ ನಮ್ಮ ಬಗ್ಗೆ ನಮಗಿರುವ ಭಾವನೆ ರೂಪುಗೊಳ್ಳುತ್ತದೆ. ಒಂದು ವರ್ಷ ಪೂರ್ತಿ ‘ನಿನಗೇನೂ ಬರುವುದಿಲ್ಲ’ ಎಂಬ ನೋಟದ ಎದುರು ಕೂತ ಮಗು ಎರಡನೇ ವರ್ಷಕ್ಕೆ ಅದನ್ನು ತಾನೇ ನಂಬಿರುತ್ತದೆ. ಮೂರನೇ ವರ್ಷ ಶಾಲೆಗೆ ಬರುವುದಿಲ್ಲ. ಆಗ ನಾವು, ‘ಅವರಿಗೆ ಓದು ಹತ್ತುವುದಿಲ್ಲ’ ಅನ್ನುತ್ತೇವೆ. ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಈಗ ಅಂತಸ್ತಿನ ವಿಷಯಕ್ಕೆ ಬರೋಣ. ರಾಲ್ಫ್ ಲಿಂಟನ್ ಎಂಬ ಮಾನವಶಾಸ್ತ್ರಜ್ಞ 1936ರಲ್ಲಿ ಒಂದು ವಿಂಗಡಣೆ ಮಾಡಿದ. ಹುಟ್ಟಿನಿಂದ, ಲಿಂಗದಿಂದ, ವಯಸ್ಸಿನಿಂದ ನಮ್ಮ ಪ್ರಯತ್ನವಿಲ್ಲದೆ ಬರುವ ಅಂತಸ್ತು ಒಂದು, ನಾವು ದುಡಿದು ಕಲಿತು ಗಳಿಸುವ ಅಂತಸ್ತು ಇನ್ನೊಂದು. ರಾಜನ ಮಗ ರಾಜನಾಗುವುದು ಮೊದಲನೆಯದು, ಡಾಕ್ಟರಾಗುವುದು ಎರಡನೆಯದು. ಪರೀಕ್ಷೆಗೆ ಇಷ್ಟು ಸಾಕು. ಬದುಕಿನಲ್ಲಿ ಈ ಗೆರೆ ಇಷ್ಟು ನೇರವಾಗಿಲ್ಲ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾಗಿರುವುದೂ ಇದನ್ನೇ.

ಕೋಟೆ ಸೀಮೆಯ ಒಬ್ಬ ಹಿರಿಯರು ಹೆಜ್ಜೆ ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ಹೋಯಿತು, ಒಂಟಿಯೋ ಹಿಂಡೋ, ಮರಿ ಇದೆಯೋ ಇಲ್ಲವೋ ಎಂದು ಹೇಳುತ್ತಾರೆ ಎನ್ನಿ. ಕೇಳಿದ ಪಟ್ಟಣದವರು ಬೆರಗಾಗಿ ಏನನ್ನುತ್ತಾರೆ? ‘ಅವರಿಗೆ ಅದು ರಕ್ತದಲ್ಲೇ ಬಂದುಬಿಟ್ಟಿದೆ.’ ಹೊಗಳಿಕೆಯ ಮಾತೇ ಸರಿ. ಆದರೆ ಅದರೊಳಗೆ ಅನ್ಯಾಯ ಇದೆ. ಹೆಜ್ಜೆ ಓದುವುದು ರಕ್ತದಲ್ಲಿ ಬರುವುದಿಲ್ಲ. ಮಳೆ ಬಿದ್ದ ಮಣ್ಣಿನಲ್ಲಿ ಹೆಜ್ಜೆ ಹೇಗೆ ಕರಗುತ್ತದೆ, ಬಿಸಿಲಿಗೆ ಲದ್ದಿ ಎಷ್ಟು ಹೊತ್ತಿಗೆ ಒಣಗುತ್ತದೆ, ಮುರಿದ ಕೊಂಬೆಯ ರಸ ಯಾವಾಗ ಆರುತ್ತದೆ ಎಂಬುದನ್ನು ಬಾಲ್ಯದಿಂದ ಅಪ್ಪನ ಹಿಂದೆ, ಮಾವನ ಹಿಂದೆ ತಿರುಗಿ, ತಪ್ಪಿ, ಬೈಸಿಕೊಂಡು, ಪ್ರಾಣಕ್ಕೆ ಅಪಾಯ ತಂದುಕೊಂಡು ಕಲಿತ ವಿದ್ಯೆ ಅದು. ನಮ್ಮ ಎಷ್ಟೋ ಪದವಿಗಳಿಗಿಂತ ಉದ್ದದ ಕಲಿಕೆ. ಅಷ್ಟು ಕಷ್ಟದಿಂದ ಗಳಿಸಿದ್ದನ್ನು ನಾವು ಹುಟ್ಟಿನ ಖಾತೆಗೆ ಬರೆದುಬಿಡುತ್ತೇವೆ. ಇನ್ನೊಂದು ಕಡೆ, ಮನೆ ತುಂಬ ಪುಸ್ತಕ, ಓದಿದ ಅಪ್ಪ ಅಮ್ಮ, ಟ್ಯೂಷನ್ ಫೀಜು, ಓದಲು ಬೇರೆ ಕೋಣೆ, ಇಷ್ಟೆಲ್ಲ ಹುಟ್ಟಿನಿಂದಲೇ ಸಿಕ್ಕ ಹುಡುಗ ತೊಂಬತ್ತೈದು ಅಂಕ ತೆಗೆದರೆ ಅದು ‘ಅವನ ಸ್ವಂತ ಸಾಧನೆ’. ಉಳ್ಳವರಿಗೆ ಹುಟ್ಟಿನಿಂದ ಬಂದದ್ದನ್ನು ಗಳಿಕೆ ಅನ್ನುತ್ತೇವೆ, ಇಲ್ಲದವರ ಗಳಿಕೆಯನ್ನು ಹುಟ್ಟು ಅನ್ನುತ್ತೇವೆ. ಲಿಂಟನ್‌ನ ಎರಡು ಪೆಟ್ಟಿಗೆಗಳಿಗೆ ನಾವು ಚೀಟಿ ಅಂಟಿಸುವುದೇ ಹೀಗೆ ತಿರುಗಾಮುರುಗಾ.

ಈ ಮಾತಿಗೆ ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಂದ ಇನ್ನೊಂದು ಬೆಳಕು ಸಿಗುತ್ತದೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಆಕ್ಸ್‌ಫರ್ಡಿನಲ್ಲಿ ಓದಿದವರು. 1948ರಲ್ಲಿ ಕೊಡಗಹಳ್ಳಿಗೆ ಅಧ್ಯಯನಕ್ಕೆ ಬಂದರು. ಪುಸ್ತಕದಲ್ಲಿ ಅದಕ್ಕೆ ರಾಮಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಮೇಲೆ ನೆನಪಿನ ಬಲದಿಂದಲೇ ಬರೆದ ಆ ಪುಸ್ತಕ 1976ರಲ್ಲಿ ಹೊರಬಂತು. ಅದನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ವಿದ್ವಾಂಸ ಎಂಬ ಗಳಿಸಿದ ಅಂತಸ್ತು ಹೊತ್ತು ಬಂದವರನ್ನು ಊರು ಮೊದಲು ಬ್ರಾಹ್ಮಣರು ಎಂದೇ ಗುರುತಿಸಿ, ಆ ಪಾತ್ರಕ್ಕೆ ತಕ್ಕ ನಡವಳಿಕೆಯನ್ನು ಅವರಿಂದ ಬಯಸಿತು. ಎಲ್ಲಿ ಕೂರಬೇಕು, ಹೇಗಿರಬೇಕು ಎಂಬುದಕ್ಕೆ ಊರಿನ ಅಭಿಪ್ರಾಯ ಇತ್ತು. ಅಂತಸ್ತು ನಮ್ಮ ಜೇಬಿನಲ್ಲಿ ಇರುವಂಥದ್ದಲ್ಲ, ಎದುರಿನವರು ಕೊಟ್ಟರೆ ಉಂಟು. ಶ್ರೀನಿವಾಸರಿಗೆ ಊರು ಕೊಟ್ಟ ಪಾತ್ರ ಗೌರವದ್ದು. ಹಾಡಿಯಿಂದ ಪಟ್ಟಣಕ್ಕೆ ಬಂದವರಿಗೆ ಸಿಗುವ ಪಾತ್ರ ಯಾವುದು?

ಅದನ್ನು ಅಳೆಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ‘ಬಾ’ ಅಂತಾರೋ ‘ಬನ್ನಿ’ ಅಂತಾರೋ ಕೇಳಿಸಿಕೊಂಡರೆ ಸಾಕು. ಹಾಡಿಯಲ್ಲಿ ನ್ಯಾಯ ತೀರ್ಮಾನ ಮಾಡುವ ಎಪ್ಪತ್ತು ದಾಟಿದ ಯಜಮಾನರು ಯಾವುದೋ ಕಚೇರಿಯ ಬಾಗಿಲಲ್ಲಿ ಕಾಗದ ಹಿಡಿದು ನಿಂತಾಗ, ಮೊಮ್ಮಗನ ವಯಸ್ಸಿನ ಗುಮಾಸ್ತ ‘ಏನಯ್ಯಾ, ನಾಳೆ ಬಾ ಹೋಗು’ ಅನ್ನುತ್ತಾನೆ. ಅವರು ‘ಆಯ್ತು ಬುದ್ಧಿ’ ಅನ್ನುತ್ತಾರೆ. ಪಕ್ಕದಲ್ಲಿ ಅವರ ಮೊಮ್ಮಗ ನಿಂತಿರುತ್ತಾನೆ. ಆ ಒಂದು ನಿಮಿಷದಲ್ಲಿ ಅವನಿಗೆ ಆಗುವ ಸಾಮಾಜೀಕರಣ ಒಂದು ವರ್ಷದ ನಾಗರಿಕ ಶಾಸ್ತ್ರದ ಪಾಠಕ್ಕಿಂತ ಗಟ್ಟಿ. ನಮ್ಮ ಅಜ್ಜನಿಗೆ ಬಹುವಚನ ಸಲ್ಲುವುದು ಹಾಡಿಯ ಒಳಗೆ ಮಾತ್ರ ಎಂದು ಅವನು ಕಲಿತು ಮನೆಗೆ ಹೋಗುತ್ತಾನೆ.

ಹಾಗಂತ ಈ ಜನಕ್ಕೆ ಹೊರಗಿನವರ ಎದುರು ಎಂದೂ ಬೆಲೆಯೇ ಇರಲಿಲ್ಲ ಅನ್ನುವಂತಿಲ್ಲ. ಇದೇ ಎಚ್.ಡಿ. ಕೋಟೆ ಸೀಮೆಯ ಕಾಕನಕೋಟೆ ಕಾಡು ಖೆಡ್ಡಾಕ್ಕೆ ಹೆಸರಾಗಿತ್ತು. ಆನೆಹಿಂಡನ್ನು ಸುತ್ತುಗಟ್ಟಿ, ಕಬಿನಿ ಹೊಳೆ ದಾಟಿಸಿ, ಗಟ್ಟಿ ಮರದ ದೊಡ್ಡಿಯೊಳಗೆ ನುಗ್ಗಿಸುವ ಕೆಲಸ ಅದು. ಮೈಸೂರು ಸೀಮೆಯಲ್ಲಿ ಈ ವಿಧಾನವನ್ನು 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ನಡೆಸಿ ತೋರಿಸಿದ. ಹೆಸರು ಅವನದ್ದೇ ಉಳಿಯಿತು. ಆದರೆ ಹಿಂಡಿನ ಜಾಡು ಹಿಡಿದು ಅದು ಎಲ್ಲಿದೆ, ಯಾವ ಕಡೆ ತಿರುಗುತ್ತದೆ ಎಂದು ಹೇಳಬಲ್ಲವರು ಕುರುಬರು. ಅವರಿಲ್ಲದೆ ಖೆಡ್ಡಾ ಇಲ್ಲ. ಮಹಾರಾಜರು, ವೈಸರಾಯರು ಕೂತು ನೋಡಿದ ಆ ದೊಡ್ಡ ಪ್ರದರ್ಶನ ಅವರ ವಿದ್ಯೆಯ ಮೇಲೆ ನಿಂತಿತ್ತು. ಕಾಡುಕುರುಬರ ನಾಯಕ ಕಾಕನನ್ನು ನಡುವೆ ನಿಲ್ಲಿಸಿ ಮಾಸ್ತಿಯವರು ‘ಕಾಕನಕೋಟೆ’ ನಾಟಕ ಬರೆದರು, 1977ರಲ್ಲಿ ಅದು ಸಿನಿಮಾ ಕೂಡ ಆಯಿತು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಹಿನ್ನೀರು ಹಳ್ಳಿ, ಹಾಡಿ, ಕಾಡು, ಖೆಡ್ಡಾ ನಡೆದ ಜಾಗ ಎಲ್ಲದರ ಮೇಲೂ ಹರಡಿಕೊಂಡಿತು. ನಾಲ್ಕು ವರ್ಷ, ಅಷ್ಟೇ. ಹುಲಿ ಉಳಿಯಬೇಕು, ಆನೆ ಉಳಿಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ಜಾಡು ಬಲ್ಲವರು, ಜೇನು ಇಳಿಸುವವರು, ಮದ್ದು ಬಲ್ಲವರು ಎಂಬ ಎಷ್ಟೋ ಪಾತ್ರಗಳ ಕಾಲಕೆಳಗಿನ ನೆಲವೇ ಹೋಯಿತು. ವಿದ್ಯೆ ತಲೆಯಲ್ಲಿ ಉಳಿಯಿತು, ಆ ವಿದ್ಯೆಗೆ ಗೌರವ ಕೊಡುತ್ತಿದ್ದ ಜೀವನಕ್ರಮ ಉಳಿಯಲಿಲ್ಲ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿ ನೋಡಿ ಬರಲು ಹೈಕೋರ್ಟು ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಫರ್ ಅಸ್ಸಾದಿ ಅಧ್ಯಕ್ಷರಾಗಿದ್ದರು. 2014ರ ಅವರ ವರದಿ 3,418 ಕುಟುಂಬಗಳ ಲೆಕ್ಕ ಕೊಡುತ್ತದೆ. ಹುಣಸೂರು, ಎಚ್.ಡಿ. ಕೋಟೆ, ವಿರಾಜಪೇಟೆ ತಾಲ್ಲೂಕುಗಳಿಗೆ ಸೇರಿದ ಕುಟುಂಬಗಳಿವು. ಹಾಡಿಯ ಎಷ್ಟೋ ಮಂದಿ ಇವತ್ತು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ತೋಟದ ಕೂಲಿಯವರಿಗೆಂದು ಕಟ್ಟಿದ ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಅಪ್ಪ ಅಮ್ಮನ ಜೊತೆ ಮಗುವೂ ಹೋಗುತ್ತದೆ, ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ. ತೋಟದಲ್ಲಿ ಅವರೆಲ್ಲರಿಗೂ ಇರುವುದು ಒಂದೇ ಅಂತಸ್ತು: ಆಳು. ಯಜಮಾನರೂ ಆಳೇ, ಗುಡ್ಡನೂ ಆಳೇ.

ಒಂದು ಪಾತ್ರ ಮಾತ್ರ ಸರ್ಕಾರದ ನೆರಳಿನಲ್ಲಿ ಉಳಿದುಕೊಂಡಿತು. ಮಾವುತ, ಕಾವಾಡಿ. ಈ ಸೀಮೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತದ್ದು, 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು ನಿಮಗೆಲ್ಲ ಗೊತ್ತು. ನಾಡೇ ಅತ್ತಿತು. ಆನೆಗೆ ಹೆಸರಿದೆ, ಚರಿತ್ರೆ ಇದೆ, ಅಭಿಮಾನಿಗಳಿದ್ದಾರೆ. ಅಂಬಾರಿ ಹೊತ್ತ ಆನೆಯ ಕಿವಿಯ ಹಿಂದೆ ಕಾಲಿಟ್ಟು, ಲಕ್ಷ ಜನರ ಗದ್ದಲದ ನಡುವೆ ಅದನ್ನು ಸಮಾಧಾನದಿಂದ ನಡೆಸುವ ಮನುಷ್ಯರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ಬಗ್ಗೆಯೂ ಅದೇ ಮಾತು, ‘ರಕ್ತದಲ್ಲೇ ಇದೆ’. ಕಾವಾಡಿಯಾಗಿ ಸೊಪ್ಪು ಕಡಿದು, ಮೈ ತಿಕ್ಕಿ ತೊಳೆದು, ರಾತ್ರಿ ಸರಪಳಿ ಎಳೆದುಕೊಂಡು ಮೇಯಲು ಹೋದ ಆನೆಯನ್ನು ಬೆಳಗಾಗುತ್ತಲೇ ಹುಡುಕಿ ತಂದು, ವರ್ಷಗಳ ಮೇಲೆ ಮಾವುತನಾಗುವುದು ಒಂದು ಪದೋನ್ನತಿ. ಅದು ಗಳಿಸಿದ ಅಂತಸ್ತು. ದಸರೆಗೆ ಈ ಕುಟುಂಬಗಳು ಮೈಸೂರಿಗೆ ಬಂದಾಗ ಅರಮನೆಯ ಆವರಣದಲ್ಲಿ ಮಕ್ಕಳಿಗಾಗಿ ತಾತ್ಕಾಲಿಕ ಶಾಲೆ ತೆರೆಯುತ್ತಾರೆ. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಮಕ್ಕಳು ಹೋದಲ್ಲಿಗೆ ಶಾಲೆಯೂ ಹೋಗಬಹುದು ಎಂದು ಅದು ತೋರಿಸಿಕೊಟ್ಟಿದೆ. ಅರಮನೆಯ ಅಂಗಳಕ್ಕೆ ಬರಬಲ್ಲ ಶಾಲೆ ಕಾಫಿ ಕೊಯ್ಲಿನ ಕಾಲಕ್ಕೆ ಲೈನ್ ಮನೆಗಳ ಹತ್ತಿರಕ್ಕೂ ಹೋಗಬೇಕು.

ಪಾತ್ರ ಎಂಬ ಮಾತಿಗೆ ಬಂದಾಗ ತರಗತಿಯಲ್ಲಿ ನಾನು ತಪ್ಪದೆ ಹೇಳುವುದು ಕುಂಡೆ ಹಬ್ಬದ ವಿಷಯ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುತ್ತದೆ. ಜೇನುಕುರುಬರು, ಕಾಡುಕುರುಬರು, ಯರವರು, ಅಂದರೆ ತೋಟದ ಆಳುಗಳೇ, ಗಂಡಸರು ಹೆಣ್ಣುವೇಷ ಹಾಕಿ, ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತಾ ರಸ್ತೆಗೆ ಇಳಿಯುತ್ತಾರೆ. ಎದುರು ಸಿಕ್ಕವರನ್ನೆಲ್ಲ ಬೈಯುತ್ತಾರೆ. ಅಂಗಡಿಯವನು, ಬಸ್ಸಿನಲ್ಲಿ ಕೂತವನು, ಸಾಹುಕಾರ, ಅಧಿಕಾರಿ, ಯಾರಿಗೂ ಬಿಡುಗಡೆ ಇಲ್ಲ. ಕಾಸು ಕೊಟ್ಟು ಬೈಸಿಕೊಳ್ಳಬೇಕು. ಕೊನೆಗೆ ದೇವಸ್ಥಾನಕ್ಕೆ ಹೋಗಿ ಅಯ್ಯಪ್ಪನನ್ನೂ ಬೈಯುತ್ತಾರೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದುಕೊಂಡು ಬಂದ ದೇವರು ಭದ್ರಕಾಳಿಯನ್ನು ಕಂಡು ತಮ್ಮನ್ನು ನಡುಕಾಡಿನಲ್ಲೇ ಬಿಟ್ಟುಹೋದ ಎಂಬುದು ಅವರ ಕತೆ. ಆ ಒಂದು ದಿನ ಲೋಕಕ್ಕೆಲ್ಲ ಏಕವಚನ.

ಮ್ಯಾಕ್ಸ್ ಗ್ಲಕ್‌ಮನ್ ಎಂಬ ಮಾನವಶಾಸ್ತ್ರಜ್ಞ ಆಫ್ರಿಕಾದ ಇಂಥ ಆಚರಣೆಗಳನ್ನು ನೋಡಿ, ಇವು ಬಂಡಾಯದ ವೇಷ ತೊಟ್ಟು, ಇರುವ ವ್ಯವಸ್ಥೆಯನ್ನೇ ಗಟ್ಟಿಮಾಡುತ್ತವೆ ಎಂದು 1950ರ ದಶಕದಲ್ಲಿ ವಾದಿಸಿದ. ವರ್ಷಕ್ಕೊಂದು ದಿನ ಬೈದು ಹಗುರಾಗಿ ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾರೆ ಎಂಬುದು ಅದರ ತಾತ್ಪರ್ಯ. ಇರಬಹುದು. ಆದರೆ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಯಾರನ್ನು ಯಾವ ಕಾರಣಕ್ಕೆ ಬೈಯಬೇಕು ಎಂದು ಇಷ್ಟು ಚೆನ್ನಾಗಿ ಬಲ್ಲವರಿಗೆ, ಉಳಿದ ದಿನಗಳಲ್ಲಿ ತಾವು ‘ಬುದ್ಧಿ’ ಅನ್ನುತ್ತಿರುವುದು ಒಂದು ಪಾತ್ರ ಎಂಬುದು ಸ್ಪಷ್ಟವಾಗಿ ಗೊತ್ತಿದೆ. ವಿನಯ ಅವರ ಹುಟ್ಟುಗುಣ ಅಲ್ಲ. ಬೇರೆ ದಾರಿ ಇಲ್ಲದ್ದಕ್ಕೆ ಆಡುತ್ತಿರುವ ಪಾತ್ರ. ದೇವರನ್ನೇ ಲೆಕ್ಕ ಕೇಳುವ ಜನ ಇವರು. ‘ಮುಗ್ಧರು, ಪಾಪ’ ಎಂದು ನಾವು ತಲೆ ಸವರುವುದು ಅವರಿಗೆ ಮಾಡುವ ಇನ್ನೊಂದು ಅವಮಾನ.

ಸಾಮಾಜೀಕರಣದ ನಾಲ್ಕು ಶೀರ್ಷಿಕೆಗಳಲ್ಲಿ ಸಮೂಹ ಮಾಧ್ಯಮವೂ ಇತ್ತಲ್ಲ, ಅದಕ್ಕೇ ಬಾನುಲಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರಕ್ಕೆ ಇದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ರೇಡಿಯೋಗೆ ಬಂತು. ಮನಸ್ಸು ಹೇಗೆ ರೂಪುಗೊಳ್ಳುತ್ತದೆ ಎಂದು ಪಾಠ ಹೇಳುತ್ತಿದ್ದವರಿಗೆ, ಮನೆಮನೆಗೆ ಹೋಗುವ ದನಿಯ ಶಕ್ತಿ ಏನೆಂದು ತಿಳಿಯದೆ ಇರಲಿಲ್ಲ. ಇಂದು ಇದೇ ಸೀಮೆಯ ಸರಗೂರಿನಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ಇದೆ. ತನ್ನ ಊರಿನವರ, ತನ್ನ ಹಾಡಿಯವರ ದನಿ ರೇಡಿಯೋದಲ್ಲಿ ಬರುವುದನ್ನು ಕೇಳಿ ಬೆಳೆದ ಮಗು ತನ್ನ ಮಾತಿಗೂ ಬೆಲೆ ಇದೆ ಎಂದು ಕಲಿಯುತ್ತದೆ.

ಈ ಭಾಷಣ ಕೇಳುತ್ತಿರುವ ಮೇಷ್ಟ್ರುಗಳು, ಮೇಡಂಗಳು, ಅಂಗನವಾಡಿ ಕಾರ್ಯಕರ್ತೆಯರು ಇದ್ದೇ ಇರುತ್ತೀರಿ. ಕಾಡಂಚಿನ ಶಾಲೆಗೆ ಬಸ್ಸಿಲ್ಲದೆ, ಆನೆಯ ಭಯದಲ್ಲಿ ಹೋಗಿಬರುವ ನಿಮ್ಮ ಕಷ್ಟ ಗೊತ್ತಿದ್ದೂ ಮೂರು ಕೆಲಸ ಕೇಳುತ್ತೇನೆ. ಶಾಲೆ ತೆರೆದ ಮೊದಲ ವಾರ ಹಾಡಿಯ ಮಗುವಿಗೆ ಏನು ಬರುವುದಿಲ್ಲ ಎಂದು ಬರೆಯುವ ಮೊದಲು ಏನು ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅದರ ನುಡಿಯಲ್ಲೇ ಹೇಳಲಿ, ದೊಡ್ಡ ಮಕ್ಕಳು ಅರ್ಥ ಹೇಳಲಿ. ದಾಖಲಾತಿಗೆ ಮೊಮ್ಮಗುವಿನ ಕೈ ಹಿಡಿದು ಬರುವ ಅಜ್ಜನಿಗೆ ಕುರ್ಚಿ ಕೊಟ್ಟು, ಮಗುವಿನ ಎದುರಿಗೇ ‘ಬನ್ನಿ, ಕೂತ್ಕೊಳ್ಳಿ’ ಅನ್ನಿ. ಪರಿಸರ ಅಧ್ಯಯನದ ಪಾಠ ಬಂದಾಗ ಜೇನು, ಗೆಡ್ಡೆ ಗೆಣಸು, ಹೆಜ್ಜೆ ಗುರುತುಗಳ ತರಗತಿಯನ್ನು ಆ ಅಜ್ಜನಿಗೋ ಅಜ್ಜಿಗೋ ಬಿಟ್ಟುಕೊಡಿ, ನೀವು ಮಕ್ಕಳ ಜೊತೆ ಬೆಂಚಿನ ಮೇಲೆ ಕೂರಿ.

ಸರ್ಕಾರಕ್ಕೆ ಕೇಳುವುದು ಬೇರೆ ಇದೆ. ಹಾಡಿಗಳಲ್ಲಿ ಪದವಿ ಮುಗಿಸಿದ, ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರು ಈಗ ಇದ್ದಾರೆ. ತಮ್ಮ ಮನೆತನದಲ್ಲೇ ಮೊದಲು ಅಕ್ಷರ ಕಲಿತವರು. ಅವರಲ್ಲಿ ಕೆಲವರು ಇವತ್ತು ಬೇಲಿ ಕೆಲಸಕ್ಕೆ, ತೋಟದ ಕೆಲಸಕ್ಕೆ ಹೋಗುತ್ತಿದ್ದಾರೆ. ಆಶ್ರಮ ಶಾಲೆಗಳಲ್ಲಿ ಮೇಷ್ಟ್ರ ಹುದ್ದೆಗೆ ಅವರನ್ನು ಮೊದಲು ಕರೆಯಬೇಕು, ಅತಿಥಿ ಶಿಕ್ಷಕರು ಎಂಬ ಹೆಸರಿನಲ್ಲಿ ವರ್ಷವರ್ಷ ಕೈಬಿಡುವ ಹಾಗೆ ಅಲ್ಲ, ಕಾಯಂ ಆಗಿ. ಜೇನುನುಡಿ ಬಲ್ಲ ಮೇಡಂ ಒಬ್ಬರು ಒಂದನೇ ತರಗತಿಯಲ್ಲಿ ನಿಂತರೆ, ಸುಮ್ಮನೆ ನಿಂತ ಮಗುವಿಗೆ ಪ್ರಶ್ನೆ ಅರ್ಥವಾಗಿಲ್ಲವೋ ಉತ್ತರ ಗೊತ್ತಿಲ್ಲವೋ ಎಂದು ಅವರಿಗೆ ತಕ್ಷಣ ತಿಳಿಯುತ್ತದೆ.